ಐವತ್ತಕ್ಕೆ ಮೂವತ್ತೊಂದು ಸರಿ, ಆದರೂ ಕೈಯಿಂದ ದುಡ್ಡು ಹೋಗಿದೆ: ಬೇಸ್‌ಬಾಲ್ ಬಾಜಿಯ ಲೆಕ್ಕ

ಪ್ರಶ್ನೆ: ತಂಗಿಯ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಬೇಸ್‌ಬಾಲ್ ಮೇಲೆ ಬಾಜಿ ಕಟ್ಟುವುದಕ್ಕೆ ಕಾನೂನಿನ ಅಡ್ಡಿ ಇಲ್ಲವಂತೆ. ಈ ಸೀಸನ್‌ನಲ್ಲಿ 50 ಮ್ಯಾಚಿಗೆ ಕಟ್ಟಿ 31ರಲ್ಲಿ ಗೆದ್ದಿದ್ದಾನೆ. ಆದರೂ ಒಟ್ಟಿನಲ್ಲಿ ನಷ್ಟ ಅನ್ನುತ್ತಾನೆ. ಅದು ಹೇಗೆ? ಯಾವ ತಂಡ ಗೆಲ್ಲುತ್ತದೆ ಎಂದು ಹೇಳಲು ನಿಜವಾಗಿ ಒಂದು ಲೆಕ್ಕ ಇದೆಯೆ? ಇನ್ನೊಂದು ವಿಷಯ: ಟೆಲಿಗ್ರಾಂನಲ್ಲಿ ಒಬ್ಬರು 'ಫಿಕ್ಸ್ ಆದ ಬೇಸ್‌ಬಾಲ್ ಮ್ಯಾಚ್' ಎಂದು ನಾಲ್ಕು ಸಲ ಹೇಳಿದ್ದು ನಾಲ್ಕೂ ಸರಿಯಾಯಿತು. ಐದನೆಯದಕ್ಕೆ 5,000 ರೂಪಾಯಿ ಕೇಳುತ್ತಿದ್ದಾರೆ. ಇಲ್ಲಿಂದಲೇ ಹಣ ಹಾಕಬಹುದೆ? (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಕೊನೆಯದನ್ನು ಮೊದಲು ಮುಗಿಸಿಬಿಡೋಣ. ಇಲ್ಲಿಂದ ಹಾಕುವಂತಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದಕ್ಕೆ ಅದರಲ್ಲಿ ಜಾಗವೇ ಇಲ್ಲ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರನ್ನು ಆ ಕಾಯ್ದೆ ಜೈಲಿಗೆ ಹಾಕುವುದಿಲ್ಲ ನಿಜ, ಆದರೆ ಗೆದ್ದ ಹಣ ಆ ಕಡೆಯವರು ಕೊಡದಿದ್ದರೆ ಕೇಳಲು ನಿಮಗೆ ದಾರಿಯೂ ಇಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ. ಯಾವ ಕೋರ್ಟೂ ಅದನ್ನು ವಸೂಲಿ ಮಾಡಿಕೊಡುವುದಿಲ್ಲ. ಆನ್‌ಲೈನ್ ಬೇಡ ಎಂದು ಓಸಿ ಬರೆಯುವವರ ಹತ್ತಿರವೋ ಐಪಿಎಲ್ ಬುಕ್ಕಿಯ ಹತ್ತಿರವೋ ಹೋದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ತಂಗಿಯ ಮಗನ ಖಾತೆಯಲ್ಲಿ ನಿಮ್ಮ ದುಡ್ಡು ಹಾಕಿಸುವ ಯೋಚನೆಯೂ ಬೇಡ. ಇನ್ನೊಬ್ಬರ ಪರವಾಗಿ ಕಟ್ಟುವುದು ಅಲ್ಲಿಯೂ ನಿಷಿದ್ಧ. ಸಿಕ್ಕಿಬಿದ್ದರೆ ಅವನ ಖಾತೆಯೇ ಮುಚ್ಚಿಹೋಗುತ್ತದೆ.

ಟೆಲಿಗ್ರಾಂನವರ ನಾಲ್ಕಕ್ಕೆ ನಾಲ್ಕು ಹೇಗೆ ಸರಿಯಾಯಿತು ಎಂಬುದಕ್ಕೆ ಬೇಸ್‌ಬಾಲ್ ಗೊತ್ತಿರಬೇಕಿಲ್ಲ, ಭಾಗಾಕಾರ ಗೊತ್ತಿದ್ದರೆ ಸಾಕು. 1,600 ಜನರ ಪಟ್ಟಿ ಇಟ್ಟುಕೊಂಡು 800 ಜನಕ್ಕೆ ಈ ತಂಡ, ಉಳಿದ 800 ಜನಕ್ಕೆ ಆ ತಂಡ ಎಂದು ಕಳಿಸುವುದು. ತಪ್ಪು ಹೋದ 800 ಜನರನ್ನು ಬಿಟ್ಟು, ಉಳಿದವರಲ್ಲಿ ಮತ್ತೆ 400-400. ನಾಲ್ಕು ಮ್ಯಾಚ್ ಮುಗಿಯುವ ಹೊತ್ತಿಗೆ 100 ಜನಕ್ಕೆ ನಾಲ್ಕೂ ಸರಿ ಬಂದಿರುತ್ತದೆ. ಆ 100 ಜನರಲ್ಲಿ ನೀವೊಬ್ಬರು. ನೂರರಲ್ಲಿ ಇಪ್ಪತ್ತು ಜನ 5,000 ಕೊಟ್ಟರೂ ಒಂದು ಲಕ್ಷ. ಬೇಸ್‌ಬಾಲ್‌ನಲ್ಲಿ ಫಿಕ್ಸಿಂಗ್ ನಡೆದೇ ಇಲ್ಲವೆಂದಲ್ಲ. 1919ರ ವಿಶ್ವ ಸರಣಿಯನ್ನು (ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್) ಬೇಕೆಂದೇ ಸೋತ ಪ್ರಕರಣದಲ್ಲಿ ಶಿಕಾಗೊ ವೈಟ್ ಸಾಕ್ಸ್‌ನ ಎಂಟು ಆಟಗಾರರಿಗೆ ಆಜೀವ ನಿಷೇಧ ಬಿತ್ತು. ಆದರೆ ಅಂಥ ಗುಟ್ಟು ನಿಜವಾಗಿ ಗೊತ್ತಿದ್ದವರು ಅದನ್ನು ಐದು ಸಾವಿರಕ್ಕೆ ತೀರ್ಥಹಳ್ಳಿಗೆ ಮಾರುತ್ತಾ ಕೂರುವುದಿಲ್ಲ. ಈಗಾಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ; ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ದೂರು ಸಿಕ್ಕರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಇನ್ನು ತಂಗಿಯ ಮಗನ ನಷ್ಟ. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ನ್ಯೂಜೆರ್ಸಿಯಲ್ಲಿ 21 ವರ್ಷ ದಾಟಿದವರು ಕಟ್ಟಬಹುದು, ಆದ್ದರಿಂದ ಅವನು ಮಾಡುತ್ತಿರುವುದರಲ್ಲಿ ಕಾನೂನಿನ ತಪ್ಪಿಲ್ಲ. ಲೆಕ್ಕದ ತಪ್ಪಿದೆ. ಅವನು ಹೆಚ್ಚಾಗಿ ಫೇವರಿಟ್ ತಂಡಕ್ಕೇ, ಅಂದರೆ ಬುಕ್ಕಿಯ ಪ್ರಕಾರ ಗೆಲ್ಲುವ ಸಂಭವ ಹೆಚ್ಚಿರುವ ತಂಡಕ್ಕೇ, ಕಟ್ಟುತ್ತಿದ್ದಾನೆ ಎಂದು ಅಂದಾಜಿಸುತ್ತೇನೆ. ಸರಾಸರಿ ಬೆಲೆ ಮೈನಸ್ 180 ಇತ್ತು ಎನ್ನಿ. ಅಂದರೆ 10 ಡಾಲರ್ ಗೆಲ್ಲಲು 18 ಡಾಲರ್ ಪಣ. 31 ಗೆಲುವಿಗೆ 310 ಡಾಲರ್ ಬಂತು. 19 ಸೋಲಿಗೆ 342 ಹೋಯಿತು. ನೂರಕ್ಕೆ 62 ಸರಿ ಹೇಳಿದವನು 32 ಡಾಲರ್ ಕಳೆದುಕೊಂಡ. ಆ ಬೆಲೆಗೆ ಅಸಲು ಉಳಿಯಬೇಕಾದರೆ ನೂರಕ್ಕೆ 64.3 ಸರಿಯಾಗಬೇಕಿತ್ತು.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು ದರ್ಜೆ ಮೇಲು, ಗೊರಬಲು ದರ್ಜೆ ಕೀಳು ಎನ್ನುವುದು ಮೊದಲ ದಿನ ಹೋದವರಿಗೂ ಗೊತ್ತಾಗುತ್ತದೆ. ಹಾಗೆಂದು ಸರಕು ಕೊಂಡವರೆಲ್ಲ ಲಾಭ ಮಾಡುತ್ತಾರೆಯೆ? ಯಾವ ರೇಟಿಗೆ ಕೊಂಡರು ಎನ್ನುವುದರ ಮೇಲೆ ಹೋಗುತ್ತದೆ. ಕಡಿಮೆ ರೇಟಿಗೆ ಗೊರಬಲು ಹಿಡಿದವರು ದುಡ್ಡು ಮಾಡುವುದೂ ಉಂಟು. ಬಾಜಿಯೂ ಹಾಗೆಯೇ. 'ಯಾರು ಗೆಲ್ಲುತ್ತಾರೆ' ಎಂಬ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಏನೂ ಬರುವುದಿಲ್ಲ. ಅದು ಬುಕ್ಕಿಗೂ ಗೊತ್ತು. 'ಈ ತಂಡ ನೂರರಲ್ಲಿ ಎಷ್ಟು ಸಲ ಗೆಲ್ಲುತ್ತದೆ, ಬೆಲೆ ಎಷ್ಟು ಸಲ ಎನ್ನುತ್ತಿದೆ' ಎಂಬ ಎರಡು ಸಂಖ್ಯೆಗಳ ನಡುವಿನ ಅಂತರ ಮಾತ್ರ ಲೆಕ್ಕಕ್ಕೆ ಬರುವುದು.

ಬೆಲೆಯನ್ನು ಶೇಕಡಕ್ಕೆ ತಿರುಗಿಸುವುದು ಸುಲಭ. ಮೈನಸ್ ಇದ್ದರೆ ಆ ಸಂಖ್ಯೆಯನ್ನು ಅದಕ್ಕೆ 100 ಕೂಡಿಸಿದ್ದರಿಂದ ಭಾಗಿಸಿ: ಮೈನಸ್ 150 ಅಂದರೆ 150 ಭಾಗ 250, ಶೇ 60. ಪ್ಲಸ್ ಇದ್ದರೆ (100 ಡಾಲರ್ ಪಣಕ್ಕೆ ಅಷ್ಟು ಡಾಲರ್ ಗೆಲುವು ಎಂದರ್ಥ) 100ನ್ನು ಅದೇ ರೀತಿ ಕೂಡಿಸಿದ್ದರಿಂದ ಭಾಗಿಸಿ: ಪ್ಲಸ್ 130 ಅಂದರೆ 100 ಭಾಗ 230, ಶೇ 43.5. ಎರಡನ್ನೂ ಕೂಡಿಸಿದರೆ 103.5 ಬರುತ್ತದೆ. ಒಂದು ಮ್ಯಾಚಿನಲ್ಲಿ ನೂರಕ್ಕಿಂತ ಹೆಚ್ಚು ಸಂಭವ ಇರಲು ಸಾಧ್ಯವಿಲ್ಲವಲ್ಲ? ಮೇಲಿನ ಮೂರೂವರೆ ಬುಕ್ಕಿಯ ದಲಾಲಿ. 60ನ್ನು 103.5ರಿಂದ ಭಾಗಿಸಿದರೆ ದಲಾಲಿ ಕಳೆದ ನಿಜವಾದ ಅಂದಾಜು ಸಿಗುತ್ತದೆ: ಶೇ 58. ನಿಮ್ಮ ಲೆಕ್ಕವನ್ನು ಯಾವಾಗಲೂ ಈ 58ರ ಜೊತೆ ಹೋಲಿಸಬೇಕು. ಕಟ್ಟಲು ಮಾತ್ರ 60ನ್ನು ದಾಟಬೇಕು. ದಲಾಲಿ ಕೊಟ್ಟೂ ಉಳಿಯಬೇಕಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲಿ ಒಂದು ಎಚ್ಚರಿಕೆ. ದೊಡ್ಡ ತಂಡ ಸಣ್ಣ ತಂಡವನ್ನು ಹತ್ತರಲ್ಲಿ ಒಂಬತ್ತು ಸಲ ಹೊಡೆದುಹಾಕುವುದು ಬೇಸ್‌ಬಾಲ್‌ನಲ್ಲಿ ಇಲ್ಲ. ಒಂದು ಸೀಸನ್‌ಗೆ ಪ್ರತಿ ತಂಡಕ್ಕೆ 162 ಮ್ಯಾಚ್. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಗೆದ್ದು ದಾಖಲೆ ಸರಿಗಟ್ಟಿತು. ಅದೂ 46 ಸೋತಿತು. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 121 ಸೋತು ನಗೆಪಾಟಲಾಯಿತು. ಅದೂ 41 ಗೆದ್ದಿತು, ಅಂದರೆ ನಾಲ್ಕಕ್ಕೆ ಒಂದು. ಹತ್ತಿರಹತ್ತಿರ ಮೂರರಲ್ಲೊಂದು ಮ್ಯಾಚ್ ಒಂದೇ ರನ್ನಿನ ಅಂತರದಲ್ಲಿ ಮುಗಿಯುತ್ತದೆ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಯಾವ ತಂಡಕ್ಕಾದರೂ ಶೇ 75 ಬಂದರೆ ತಂಡ ಅಷ್ಟು ಒಳ್ಳೆಯದು ಎಂದಲ್ಲ, ಬಹುಶಃ ಲೆಕ್ಕ ತಪ್ಪಿದೆ ಎಂದು ತಿಳಿಯಿರಿ.

ಲೆಕ್ಕವನ್ನು ಒಂದು ಮ್ಯಾಚ್ ಇಟ್ಟುಕೊಂಡೇ ಮಾಡೋಣ. ಎರಡು ಕಾಲ್ಪನಿಕ ತಂಡಗಳು, ಎರಡೂ 100 ಮ್ಯಾಚ್ ಆಡಿವೆ. ಅ ತಂಡ 58 ಗೆದ್ದಿದೆ. 460 ರನ್ ಹೊಡೆದು 430 ಬಿಟ್ಟುಕೊಟ್ಟಿದೆ. ಬ ತಂಡ 47 ಗೆದ್ದಿದೆ. 440 ಹೊಡೆದು 450 ಬಿಟ್ಟುಕೊಟ್ಟಿದೆ. ಮ್ಯಾಚ್ ಬ ತಂಡದ ಊರಿನಲ್ಲಿ.

ಗೆಲುವಿನ ಪಟ್ಟಿ ನೋಡಿದರೆ ಅ ತಂಡ ಬಹಳ ಮುಂದೆ. ಆದರೆ ಚೇಣಿ ಹಿಡಿಯುವವರು (ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆ ಕೊಳ್ಳುವವರು) ತೋಟ ಸುತ್ತುವಾಗ ಮರದ ಮೇಲಿನ ಅಡಿಕೆ ಕೊನೆ ನೋಡುತ್ತಾರೆ. ಹೋದ ವರ್ಷ ಎಷ್ಟಕ್ಕೆ ಹೋಯಿತು ಎನ್ನುವುದನ್ನಷ್ಟೇ ಕೇಳಿ ಬೆಲೆ ಕಟ್ಟುವುದಿಲ್ಲ. ಇಲ್ಲಿ ಕೊನೆ ಎಂದರೆ ರನ್. ಬಿಲ್ ಜೇಮ್ಸ್ ಎಂಬ ಅಮೆರಿಕದ ಬರಹಗಾರರು ತೋರಿಸಿಕೊಟ್ಟ ಸೂತ್ರ ಇದು: ಹೊಡೆದ ರನ್ನನ್ನು ಬಿಟ್ಟ ರನ್ನಿನಿಂದ ಭಾಗಿಸಿ, ಬಂದದ್ದನ್ನು 1.83ರ ಘಾತಕ್ಕೆ ಏರಿಸಿ, ಆ ಉತ್ತರವನ್ನು ಅದಕ್ಕೆ 1 ಕೂಡಿಸಿದ್ದರಿಂದ ಭಾಗಿಸಿ. ಜೇಮ್ಸ್ ಮೊದಲು ಹಾಕಿದ್ದು 2ರ ಘಾತ. 1.83 ಹೆಚ್ಚು ಸರಿಹೊಂದುತ್ತದೆ ಎಂಬುದು ಆಮೇಲೆ ಕಂಡುಬಂತು. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಘಾತದ ಕೀಲಿ ಸಿಗದಿದ್ದರೆ ವರ್ಗ ಮಾಡಿದರೂ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಅ ತಂಡಕ್ಕೆ ಶೇ 53.1, ಬ ತಂಡಕ್ಕೆ ಶೇ 49 ಬರುತ್ತದೆ. ಅಂದರೆ ಅ ತಂಡದ 58ರಲ್ಲಿ ಸುಮಾರು ಐದು ಗೆಲುವು ಬರೀ ಅದೃಷ್ಟದ್ದು, ಒಂದು ರನ್ನಿನಲ್ಲಿ ಪಾರಾದ ಮ್ಯಾಚ್‌ಗಳು. ಇದೇ ಸೂತ್ರವನ್ನು 2001ರ ಮ್ಯಾರಿನರ್ಸ್‌ಗೆ (927 ಹೊಡೆದು 627 ಬಿಟ್ಟರು) ಹಾಕಿದರೆ 116ರ ಬದಲು 109 ಗೆಲುವು ಬರುತ್ತದೆ; 2024ರ ವೈಟ್ ಸಾಕ್ಸ್‌ಗೆ (507 ಹೊಡೆದು 813 ಬಿಟ್ಟರು) 41ರ ಬದಲು 48. ಅತಿ ಮೇಲೆ ಹೋದವರಿಗೆ ಸ್ವಲ್ಪ ಅದೃಷ್ಟ, ಅತಿ ಕೆಳಗೆ ಬಿದ್ದವರಿಗೆ ಸ್ವಲ್ಪ ದುರದೃಷ್ಟ ಸೇರಿರುತ್ತದೆ.

ಈಗ ಎರಡನ್ನೂ ಎದುರುಬದುರು ಇಡಬೇಕು. ಅ ಗೆಲ್ಲುವ ಪಾಲನ್ನು ಬ ಸೋಲುವ ಪಾಲಿನಿಂದ ಗುಣಿಸಿ: 0.531 ಗುಣಿಸು 0.510, ಅಂದರೆ 0.271. ಬ ಗೆಲ್ಲುವ ಪಾಲನ್ನು ಅ ಸೋಲುವ ಪಾಲಿನಿಂದ: 0.490 ಗುಣಿಸು 0.469, ಅಂದರೆ 0.230. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಅ ತಂಡಕ್ಕೆ ಶೇ 54. (ಬರೀ ಗೆಲುವಿನ ಪಟ್ಟಿ ಹಿಡಿದು ಇದೇ ಲೆಕ್ಕ ಮಾಡಿದ್ದರೆ ಶೇ 61 ಬರುತ್ತಿತ್ತು. ತಂಗಿಯ ಮಗ ನಿಂತಿರುವುದು ಬಹುಶಃ ಅಲ್ಲಿ.) ತವರಿನ ತಂಡ ವರ್ಷವರ್ಷವೂ ಸುಮಾರು ಶೇ 53-54 ಗೆಲ್ಲುತ್ತದೆ. ಬ ತಂಡಕ್ಕೆ ನಾಲ್ಕು ಪಾಲು ಕೊಡಿ. ಮ್ಯಾಚ್ 50-50ಕ್ಕೆ ಬಂತು.

ಇಲ್ಲಿಂದ ಮುಂದೆ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದಂತೆ. ಕ್ರಿಕೆಟ್‌ನಲ್ಲಿ ನವುಲೆ ಮೈದಾನದ ಪಿಚ್ ಹೇಗಿದೆ ಎಂದು ಕೇಳುತ್ತೇವೆ; ಬೇಸ್‌ಬಾಲ್‌ನಲ್ಲಿ ಪಿಚ್ ಅಲ್ಲ, ಪಿಚರ್ ಯಾರು ಎಂದು ಕೇಳಬೇಕು. ಪ್ರತಿ ತಂಡದಲ್ಲಿ ಐದಾರು ಆರಂಭಿಕ ಪಿಚರ್‌ಗಳು ಸರದಿಯಲ್ಲಿ ಬರುತ್ತಾರೆ. ಒಬ್ಬರಿಗೆ ಐದಾರು ದಿನಕ್ಕೊಂದು ಪಾಳಿ. ಆದ್ದರಿಂದ ಸೋಮವಾರದ ತಂಡವೇ ಬೇರೆ, ಮಂಗಳವಾರದ ತಂಡವೇ ಬೇರೆ. ಬ್ಯಾಟ್ ಹಿಡಿದವರು ಎಷ್ಟೇ ದೊಡ್ಡವರಾದರೂ ಒಂದು ಮ್ಯಾಚಿನಲ್ಲಿ ಸಿಗುವುದು ನಾಲ್ಕೈದು ಸರದಿ. ಆರಂಭಿಕ ಪಿಚರ್ ಇಪ್ಪತ್ತಕ್ಕೂ ಹೆಚ್ಚು ಸಲ ಎದುರಾಳಿಯನ್ನು ನೋಡಿಕೊಳ್ಳುತ್ತಾನೆ.

ಬೆಲೆ ಪಟ್ಟಿಯ ಪಕ್ಕದಲ್ಲಿ ಪಿಚರ್ ಹೆಸರಿನ ಮುಂದೆ ಕಾಣುವ ಸಂಖ್ಯೆ ಇಆರ್‌ಎ: ಫೀಲ್ಡರುಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ (ಒಂದು ಪೂರ್ತಿ ಮ್ಯಾಚಿಗೆ) ಎಷ್ಟು ರನ್ ಕೊಟ್ಟ ಎಂಬುದು. ನಮ್ಮ ಮ್ಯಾಚಿನಲ್ಲಿ ಅ ತಂಡದ ಪಿಚರ್‌ದು 2.60, ಬ ತಂಡದವನದು 4.60. ಇಬ್ಬರೂ 90 ಇನಿಂಗ್ಸ್ ಎಸೆದಿದ್ದಾರೆ. ನೋಡಿದ ಕೂಡಲೇ ಅ ತಂಡಕ್ಕೇ ಕಟ್ಟಬೇಕು ಅನ್ನಿಸುತ್ತದೆ. ಆದರೆ ಬ್ಯಾಟಿಗೆ ತಾಗಿ ಮೈದಾನದೊಳಗೇ ಉಳಿದ ಚೆಂಡು ಯಾರ ಕೈಗೆ ಹೋಗುತ್ತದೆ ಎಂಬುದರಲ್ಲಿ ಫೀಲ್ಡರುಗಳ ಪಾಲು, ಅದೃಷ್ಟದ ಪಾಲು ದೊಡ್ಡದು. ಪಿಚರ್‌ನ ಪಾಲು ಸಣ್ಣದು. ಅಂಥ ಚೆಂಡುಗಳಲ್ಲಿ ಹತ್ತಕ್ಕೆ ಮೂರು ಹಿಟ್ ಆಗುವುದು (ಬ್ಯಾಟರ್ ಔಟಾಗದೆ ಬೇಸ್ ಮುಟ್ಟುವುದು) ಹೆಚ್ಚುಕಡಿಮೆ ಎಲ್ಲ ಪಿಚರ್‌ಗಳಿಗೂ ಒಂದೇ. 2001ರಲ್ಲಿ ವೊರೊಸ್ ಮೆಕ್‌ಕ್ರಾಕೆನ್ ಇದನ್ನು ಬರೆದಾಗ ಬಹಳ ಜನ ನಂಬಲಿಲ್ಲ. ಪಿಚರ್‌ನ ಕೈಯಲ್ಲೇ ಇರುವುದು ಮೂರು: ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್ (ದಾರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್; ಚೆಂಡು ಮೈಗೆ ತಾಗಿದರೂ ಹಾಗೆಯೇ), ಹೋಮ್ ರನ್ (ಸಾಮಾನ್ಯವಾಗಿ ಮೈದಾನದಾಚೆ ಹೋಗುವ ಹೊಡೆತ). ಆ ಮೂರರಿಂದ ಮಾತ್ರ ಮಾಡುವ ಲೆಕ್ಕಕ್ಕೆ ಎಫ್‌ಐಪಿ ಎನ್ನುತ್ತಾರೆ.

ಕೈಯಲ್ಲೇ ಮಾಡಿ ನೋಡಿ. ಬ ತಂಡದ ಪಿಚರ್: ಹೋಮ್ ರನ್ 10, ವಾಕ್ 27, ಮೈಗೆ ತಾಗಿಸಿದ್ದು 3, ಸ್ಟ್ರೈಕ್‌ಔಟ್ 88. ಹೋಮ್ ರನ್ನಿಗೆ 13ರಂತೆ 130. ವಾಕ್ ಮತ್ತು ಮೈಗೆ ತಾಗಿದ್ದು ಸೇರಿ 30, ತಲಾ 3ರಂತೆ 90. ಕೂಡಿಸಿ 220. ಸ್ಟ್ರೈಕ್‌ಔಟ್‌ಗೆ ತಲಾ 2ರಂತೆ 176 ಕಳೆಯಿರಿ, ಉಳಿದದ್ದು 44. ಅದನ್ನು 90 ಇನಿಂಗ್ಸ್‌ನಿಂದ ಭಾಗಿಸಿದರೆ 0.49. ಇದಕ್ಕೆ ಸುಮಾರು 3.1 ಕೂಡಿಸಬೇಕು (ಈ ಸ್ಥಿರಾಂಕ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ). ಬಂದದ್ದು 3.6. ಅ ತಂಡದವನು: ಹೋಮ್ ರನ್ 9, ವಾಕ್ ಮತ್ತು ಮೈಗೆ ತಾಗಿಸಿದ್ದು ಸೇರಿ 35, ಸ್ಟ್ರೈಕ್‌ಔಟ್ 75. 117 ಮತ್ತು 105 ಕೂಡಿಸಿ 150 ಕಳೆದರೆ 72. 90ರಿಂದ ಭಾಗಿಸಿದರೆ 0.8, ಒಟ್ಟು 3.9. ಇಆರ್‌ಎಯಲ್ಲಿ ಎರಡು ರನ್ ಹಿಂದಿದ್ದವನು ಎಫ್‌ಐಪಿಯಲ್ಲಿ ಮುಂದೆ ಬಂದ!

ಇದನ್ನು ಗೆಲುವಿನ ಶೇಕಡಕ್ಕೆ ತರುವಾಗ ಹೆಚ್ಚಿನವರು ಎಡವುತ್ತಾರೆ. ಪಿಚರ್‌ನನ್ನು ಎದುರಾಳಿ ಪಿಚರ್‌ಗೆ ಹೋಲಿಸಬೇಡಿ. ಅವನದೇ ತಂಡದ ಆರಂಭಿಕ ಪಿಚರ್‌ಗಳ ಸರಾಸರಿಗೆ ಹೋಲಿಸಿ. ತಂಡ ಬಿಟ್ಟ ರನ್ನಿನಲ್ಲಿ ಆ ಸರಾಸರಿ ಈಗಾಗಲೇ ಸೇರಿದೆ, ಎರಡು ಸಲ ಎಣಿಸಿದಂತಾಗಬಾರದು. ಅ ತಂಡದ ಸರಾಸರಿ 3.9 ಎನ್ನಿ, ಬದಲಾವಣೆ ಇಲ್ಲ. ಬ ತಂಡದ ಸರಾಸರಿ 4.2, ಇವತ್ತಿನವನು 0.6 ಉತ್ತಮ. ಅದು ಒಂಬತ್ತು ಇನಿಂಗ್ಸ್‌ನ ಲೆಕ್ಕ. ಅವನು ಎಸೆಯುವುದು ಐದೂವರೆ. ಹಾಗಾಗಿ ಉಳಿತಾಯ 0.37 ರನ್. ಹತ್ತು ರನ್ನಿಗೆ ಒಂದು ಗೆಲುವು ಎಂಬುದು ಬೇಸ್‌ಬಾಲ್ ಲೆಕ್ಕಿಗರ ರೂಢಿಯ ಅಂದಾಜು. ಆ ಪ್ರಕಾರ 0.37 ರನ್ ಎಂದರೆ ಶೇಕಡ ಮೂರೂವರೆ ಚಿಲ್ಲರೆ. ಬ ತಂಡ ಶೇ 53.5ಕ್ಕೆ ಬಂತು.

ಪಿಚರ್ ಮುಗಿದ ಮೇಲೆ ಬುಲ್‌ಪೆನ್, ಅಂದರೆ ಐದಾರು ಇನಿಂಗ್ಸ್ ಆದ ಮೇಲೆ ಬರುವ ಬದಲಿ ಪಿಚರ್‌ಗಳು. ಮ್ಯಾಚಿನ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಈಗ ಅವರದು. ಹಿಂದಿನ ಮೂರು ದಿನ ಯಾರು ಎಷ್ಟು ಎಸೆತ ಎಸೆದರು ಎಂಬುದನ್ನು ಸ್ಕೋರ್‌ಕಾರ್ಡಿನಲ್ಲಿ ನೋಡಿ. ಸತತ ಮೂರನೇ ದಿನ ಒಬ್ಬನನ್ನು ಇಳಿಸುವುದು ಅಪರೂಪ. ನಿನ್ನೆ 25-30 ಎಸೆತ ಹಾಕಿದವನು ಇವತ್ತು ಬರುವುದು ಕಷ್ಟ. ನಿನ್ನೆ ಹನ್ನೆರಡು ಇನಿಂಗ್ಸ್‌ವರೆಗೆ ಎಳೆದಾಡಿದ ತಂಡದ ಒಳ್ಳೆಯ ಇಬ್ಬರು ಇವತ್ತು ಇಲ್ಲದಿದ್ದರೆ ಒಂದೆರಡು ಶೇಕಡ ಕಳೆಯಿರಿ, ಅಷ್ಟೇ. ಬುಲ್‌ಪೆನ್ ಮೇಲೆ ನಂಬಿಕೆಯೇ ಇಲ್ಲದವರು ಮೊದಲ ಐದು ಇನಿಂಗ್ಸ್‌ಗೆ ಮಾತ್ರ ಕಟ್ಟುವ ಪ್ರತ್ಯೇಕ ಬೆಲೆ ನೋಡುತ್ತಾರೆ.

ಆಡುವ ಒಂಬತ್ತರ ಪಟ್ಟಿ ಸಾಮಾನ್ಯವಾಗಿ ಮ್ಯಾಚಿಗೆ ಮೂರು-ನಾಲ್ಕು ಗಂಟೆ ಮೊದಲು ಬರುತ್ತದೆ. ನ್ಯೂಯಾರ್ಕಿನ ಸಂಜೆ 7.05ರ ಮ್ಯಾಚ್ ನಮಗೆ ಬೆಳಗಿನ ಜಾವ 4.35, ಪಟ್ಟಿ ಬರುವುದು ನಡುರಾತ್ರಿ ಒಂದರ ಸುಮಾರಿಗೆ. ಅದಕ್ಕೆ ಮೊದಲು ಮಾಡಿದ ಲೆಕ್ಕ ಅರ್ಧ ಲೆಕ್ಕ. ವರ್ಷಕ್ಕೆ ತಂಡಕ್ಕೆ ಐದು ಗೆಲುವು ಹೆಚ್ಚಿಸುವ ದೊಡ್ಡ ಆಟಗಾರ ಇಲ್ಲದಿದ್ದರೆ 5 ಭಾಗ 162, ಅಂದರೆ ಆ ಮ್ಯಾಚಿಗೆ ಶೇ 3. ಜನ ಶೇ 10ರಂತೆ ಗಾಬರಿಯಾಗುತ್ತಾರೆ. ರಾತ್ರಿ ಮ್ಯಾಚ್ ಆದ ಮರುದಿನ ಮಧ್ಯಾಹ್ನ ಮ್ಯಾಚ್ ಇದ್ದರೆ ಮುಖ್ಯ ಕ್ಯಾಚರ್‌ಗೆ (ನಮ್ಮ ವಿಕೆಟ್‌ಕೀಪರ್ ಇದ್ದಂತೆ) ಸಾಮಾನ್ಯವಾಗಿ ವಿರಾಮ.

ಮೈದಾನ, ಹವಾಮಾನ. ಇದರ ಮೇಲೆ ಬಹಳ ಮಾತು ಕೇಳುತ್ತೀರಿ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಮೇಲಿದೆ, ನಮ್ಮ ಕೊಡಚಾದ್ರಿಯ ನೆತ್ತಿಗಿಂತ (1,343 ಮೀಟರ್) ಎತ್ತರ. ಗಾಳಿ ತೆಳು. ಬೇರೆ ಕಡೆ 400 ಅಡಿ ಹೋಗುವ ಹೊಡೆತ ಅಲ್ಲಿ ಸುಮಾರು 20 ಅಡಿ ಹೆಚ್ಚು ಹೋಗುತ್ತದೆ, ಪಿಚರ್‌ನ ತಿರುಗುವ ಚೆಂಡು ಕಡಿಮೆ ತಿರುಗುತ್ತದೆ. ಚೆಂಡು ಒಣಗಿ ಇನ್ನೂ ಹಾರಬಾರದೆಂದು 2002ರಿಂದ ಅಲ್ಲಿ ಚೆಂಡುಗಳನ್ನು ತೇವಾಂಶ ಹಿಡಿದಿಡುವ ಕೋಣೆಯಲ್ಲಿ ಇಡುತ್ತಾರೆ. (ಮಳೆಗಾಲದ ಆಗುಂಬೆಯಲ್ಲಾದರೆ ಅದರ ತದ್ವಿರುದ್ಧ ಕೋಣೆ ಬೇಕಾಗುತ್ತಿತ್ತು.) ಆದರೆ ಗಮನಿಸಿ: ಈ ಗಾಳಿ ಎರಡೂ ತಂಡಗಳಿಗೂ ಒಂದೇ. ಒಟ್ಟು ರನ್ ಏರುತ್ತದೆ; ಯಾರು ಗೆಲ್ಲುತ್ತಾರೆ ಎಂಬುದು ಅಷ್ಟಾಗಿ ಬದಲಾಗುವುದಿಲ್ಲ. ಶಿಕಾಗೊದ ರಿಗ್ಲಿ ಫೀಲ್ಡಿನ ಗಾಳಿಯ ಕಥೆಯೂ ಹಾಗೆಯೇ. ಮಳೆ ಮಾತ್ರ ಬೇರೆ. ಮೂರನೇ ಇನಿಂಗ್ಸ್‌ನಲ್ಲಿ ಮಳೆ ಬಂದು ಒಂದು ಗಂಟೆ ನಿಂತರೆ ಆರಂಭಿಕ ಪಿಚರ್ ತೋಳು ತಣ್ಣಗಾಗಿ ಮತ್ತೆ ಬರುವುದಿಲ್ಲ. ನೀವು ಲೆಕ್ಕ ಕಟ್ಟಿದ್ದೇ ಅವನ ಮೇಲೆ. ಮುನ್ಸೂಚನೆಯಲ್ಲಿ ಮಳೆ ಇದ್ದರೆ ಪಿಚರ್‌ಗೆ ಕೊಟ್ಟ ಶೇಕಡವನ್ನು ಅರ್ಧ ಮಾಡಿ, ಅಥವಾ ಆ ಮ್ಯಾಚ್ ಬಿಡಿ. ಪಿಚರ್ ಕೊನೆ ಗಳಿಗೆಯಲ್ಲಿ ಬದಲಾದರೆ ಬಾಜಿ ರದ್ದಾಗುತ್ತದೆಯೋ ಹಾಗೆಯೇ ನಿಲ್ಲುತ್ತದೆಯೋ ಎನ್ನುವುದು ಕಂಪನಿಯ ನಿಯಮ, ಕಟ್ಟುವ ಮೊದಲು ಓದಬೇಕು.

ಸತತ ಆರು ಗೆದ್ದು ಬಂದಿದೆ, ಈ ಎದುರಾಳಿಯ ಮೇಲೆ ಕಳೆದ ಎಂಟರಲ್ಲಿ ಏಳು ಗೆದ್ದಿದೆ, ಈ ಬ್ಯಾಟರ್ ಈ ಪಿಚರ್‌ಗೆ ಒಂಬತ್ತರಲ್ಲಿ ನಾಲ್ಕು ಹಿಟ್ ಹೊಡೆದಿದ್ದಾನೆ: ಟಿವಿಯಲ್ಲಿ ಹೇಳಲು ಚೆಂದ, ಲೆಕ್ಕಕ್ಕೆ ಬೇಡ.

ಈಗ ಬೆಲೆ ನೋಡೋಣ. ಅ ತಂಡ ಮೈನಸ್ 140, ಬ ತಂಡ ಪ್ಲಸ್ 125. ಶೇಕಡಕ್ಕೆ ತಿರುಗಿಸಿದರೆ 58.3 ಮತ್ತು 44.4, ದಲಾಲಿ ತೆಗೆದರೆ ಅ 56.8, ಬ 43.2. ನಿಮ್ಮ ಲೆಕ್ಕ ಬ ತಂಡಕ್ಕೆ 53.5 ಎನ್ನುತ್ತಿದೆ. ಹತ್ತು ಶೇಕಡ ಅಂತರ! ಹೊಸಬರು ಇಲ್ಲಿ ನಿಧಿ ಸಿಕ್ಕಿತೆಂದು ಕುಣಿಯುತ್ತಾರೆ. ಅನುಭವಿಗಳಿಗೆ ಅನುಮಾನ ಹುಟ್ಟುತ್ತದೆ. ಆ ಬೆಲೆಯ ಹಿಂದೆ ನಿಮಗಿಂತ ಹೆಚ್ಚು ಮಾಹಿತಿ, ದೊಡ್ಡ ದುಡ್ಡು ಇರುವವರ ಲೆಕ್ಕವಿದೆ. ಎಫ್‌ಐಪಿ ಅವರಿಗೂ ಗೊತ್ತು. ಇಷ್ಟು ಅಂತರ ಬಂದರೆ ನಿಮಗೆ ಗೊತ್ತಿಲ್ಲದ ಏನೋ ಇದೆ: ಪಿಚರ್‌ನ ವೇಗ ಕಳೆದ ಎರಡು ಮ್ಯಾಚಿನಿಂದ ಇಳಿದಿದೆ, ಬ ತಂಡದ ಇಬ್ಬರು ಒಳ್ಳೆಯ ಬ್ಯಾಟರುಗಳು ಗಾಯದ ಪಟ್ಟಿಯಲ್ಲಿದ್ದಾರೆ, ಅ ತಂಡ ಹೋದ ವಾರ ಒಬ್ಬ ದೊಡ್ಡ ಆಟಗಾರನನ್ನು ಕೊಂಡಿದೆ. ಮೊದಲು ಅದನ್ನು ಹುಡುಕಿ. ಏನೂ ಸಿಗದಿದ್ದರೂ ನಿಮ್ಮ ಸಂಖ್ಯೆಗೆ ಮೂರರಲ್ಲೊಂದು ಪಾಲು ಮಾತ್ರ ಮರ್ಯಾದೆ ಕೊಡಿ: 43.2ಕ್ಕೆ ಅಂತರದ ಮೂರನೇ ಒಂದನ್ನು ಕೂಡಿಸಿದರೆ ಸುಮಾರು 46.6. ದಾಟಬೇಕಾದದ್ದು 44.4. ಎರಡು ಶೇಕಡ ಉಳಿಯಿತು. ಬೇಸ್‌ಬಾಲ್‌ನಲ್ಲಿ ನಿಜವಾದ ಲಾಭದ ಅಂಚು ಇಷ್ಟು ತೆಳು, ಅದೂ ಸಿಕ್ಕ ದಿನ.

ಮತ್ತೊಮ್ಮೆ ಓದಿ ನೋಡಿ: ನಾವು ಆರಿಸಿದ್ದು ಸೋಲುವ ಸಂಭವವೇ ಹೆಚ್ಚಿರುವ ತಂಡವನ್ನು.

ಎಷ್ಟು ಕಟ್ಟಬೇಕು ಎಂಬುದಕ್ಕೆ ಕೆಲ್ಲಿ ಸೂತ್ರ ಇದೆ. 1 ಡಾಲರಿಗೆ 1.25 ಸಿಗುವ ಬೆಲೆಗೆ ಶೇ 46.6ರ ಸಂಭವವಿದ್ದರೆ: 1.25 ಗುಣಿಸು 0.466, ಅದರಿಂದ ಸೋಲುವ 0.534 ಕಳೆದು 1.25ರಿಂದ ಭಾಗಿಸಿದರೆ ಸುಮಾರು ಶೇ 3.9. ನಿಮ್ಮ ಅಂದಾಜೇ ತಪ್ಪಿರಬಹುದಾದ್ದರಿಂದ ಅದರ ಕಾಲು ಭಾಗ. ಅಂದರೆ ಇದಕ್ಕೆಂದೇ ತೆಗೆದಿಟ್ಟ 1,000 ಡಾಲರಿದ್ದರೆ ಒಂದು ಮ್ಯಾಚಿಗೆ 10 ಡಾಲರ್. ಸೋತ ಮರುದಿನ ಎರಡರಷ್ಟು ಕಟ್ಟಿ ಹಿಂದಕ್ಕೆ ಪಡೆಯುವ ಯೋಚನೆ ಬಂದರೆ ಅಲ್ಲಿಗೆ ಲೆಕ್ಕ ಮುಗಿಯಿತು, ಚಟ ಶುರುವಾಯಿತು ಎಂದೇ ಅರ್ಥ. ಬೇಸ್‌ಬಾಲ್‌ನ ದೊಡ್ಡ ತಾರೆ ಶೊಹೆಯ್ ಒಹ್ತಾನಿಯ ದುಭಾಷಿ ಬಾಜಿಯ ಸಾಲ ತೀರಿಸಲು ಸುಮಾರು 1.7 ಕೋಟಿ ಡಾಲರ್ ಕದ್ದು 2025ರಲ್ಲಿ 57 ತಿಂಗಳ ಜೈಲುಶಿಕ್ಷೆಗೆ ಒಳಗಾದದ್ದು ಅದೇ ದಾರಿಯಲ್ಲಿ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಾಲ್ಕು ಮ್ಯಾಚನ್ನು ಒಂದಕ್ಕೊಂದು ಪೋಣಿಸಿ ಕಟ್ಟುವ ಬಾಜಿಯ ಜಾಹೀರಾತು ತಂಗಿಯ ಮಗನ ಫೋನಿಗೆ ದಿನವೂ ಬರುತ್ತಿರಬೇಕು. ಅದಕ್ಕೆ ಕಾರಣವಿದೆ. 50-50 ಮ್ಯಾಚಿಗೆ ಮೈನಸ್ 110 ಬೆಲೆಯಲ್ಲಿ ಒಂದು ಬಾಜಿಗೆ ಬುಕ್ಕಿಯ ಪಾಲು ಶೇ 4.5. ನಾಲ್ಕನ್ನು ಪೋಣಿಸಿದರೆ ಹದಿನಾರಕ್ಕೊಮ್ಮೆ ಗೆಲ್ಲುವ ಬಾಜಿಗೆ 13.28 ಪಟ್ಟು ಮಾತ್ರ ಕೊಡುತ್ತಾರೆ; ಅವರ ಪಾಲು ಶೇ 17ಕ್ಕೆ ಏರುತ್ತದೆ.

ಇನ್ನು ಅವನ ಲೆಕ್ಕ ಸರಿಯಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಗೆಲುವು ಎಣಿಸಿದರೆ ತಿಳಿಯುವುದಿಲ್ಲ. ನಾಣ್ಯ ಚಿಮ್ಮಿ ತಂಡ ಆರಿಸಿ ಮೈನಸ್ 110ರಲ್ಲಿ 100 ಸಲ ಕಟ್ಟಿದವರಲ್ಲೂ ಸುಮಾರು ಶೇ 31 ಜನ ಲಾಭದಲ್ಲಿರುತ್ತಾರೆ. ಹತ್ತು ಜನ ಚಿಮ್ಮಿದರೆ ಮೂವರು ತಜ್ಞರಾಗಿ ಕಾಣುತ್ತಾರೆ. 1,000 ಸಲ ಕಟ್ಟಿದ ಮೇಲೂ ಶೇ 7 ಜನ ಹಾಗೆ ಉಳಿದಿರುತ್ತಾರೆ. ಅದಕ್ಕಿಂತ ಬೇಗ ಗೊತ್ತಾಗುವ ಒಂದು ಅಳತೆ ಇದೆ: ಮ್ಯಾಚ್ ಶುರುವಾಗುವ ಗಳಿಗೆಯ ಕೊನೆಯ ಬೆಲೆ. ಅಷ್ಟು ಹೊತ್ತಿಗೆ ಪಟ್ಟಿ, ಗಾಯ, ಮಳೆ ಎಲ್ಲ ಬೆಲೆಯೊಳಗೆ ಸೇರಿರುತ್ತದೆ. ನೀವು ಪ್ಲಸ್ 125ಕ್ಕೆ ಆರಿಸಿದ ತಂಡ ಮ್ಯಾಚ್ ಶುರುವಾಗುವಾಗ ಪ್ಲಸ್ 112 ಆಗಿದ್ದರೆ, ಸೋತರೂ ನಿಮ್ಮ ಲೆಕ್ಕ ಸರಿಯಿತ್ತು. ಪ್ಲಸ್ 140 ಆಗಿದ್ದರೆ, ಗೆದ್ದರೂ ತಪ್ಪಿತ್ತು.

ಒಂದು ನೋಟ್‌ಬುಕ್ಕಿನಲ್ಲಿ ಆರು ಕಲಂ ಹಾಕಿ: ತಾರೀಕು, ಎರಡು ತಂಡ, ನಿಮ್ಮ ಶೇಕಡ, ಆಗಿನ ಬೆಲೆಯಿಂದ ದಲಾಲಿ ತೆಗೆದ ಶೇಕಡ, ಕೊನೆಯ ಬೆಲೆಯ ಶೇಕಡ, ಫಲಿತಾಂಶ. ದುಡ್ಡಿನ ಕಲಂ ಬೇಡ. ಹೀಗೆ ಬರೆದಿಡುವುದಕ್ಕೆ ಇಲ್ಲಿ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಸೀಸನ್ ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಕೊನೆ ಕೊಯ್ಲಿನ ಗಡಿಬಿಡಿಗೆ ಮೊದಲೇ 200 ಮ್ಯಾಚ್ ಬರೆಯಬಹುದು. ತಂಗಿಯ ಮಗನಿಗೂ ಅವನ ಆ 50 ಮ್ಯಾಚಿನ ಐದನೇ ಕಲಂ ತುಂಬಿ ಕಳಿಸಲು ಹೇಳಿ. ಅದರಲ್ಲಿ ನಾಲ್ಕನೆಯದಕ್ಕಿಂತ ದೊಡ್ಡ ಸಂಖ್ಯೆ ಇರುವ ಸಾಲು 25 ದಾಟದಿದ್ದರೆ, ಆ 31 ಗೆಲುವು ಫೇವರಿಟ್‌ಗಳದ್ದೇ ಹೊರತು ಅವನ ಲೆಕ್ಕದ್ದಲ್ಲ.